ಲಾರಿ ಪಟ್ಟಿಯ ಜೆಟ್ ಬ್ಲೇಡು

ಮುಂಬಯಿಯ ಸಯನ್ ಸ್ಟೇಷನ್ನಿನ ಹಿಂದೆ ನಮ್ಮ ವರ್ಕ್‌ಶಾಪ್ ಇತ್ತು. ಎರಡು ಲೇಥು, ಒಂದು ಕುಲುಮೆ, ಆರು ಜನ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಅಲ್ಲಿ ಫಿಟರ್. ಅರ ಹಿಡಿದು ಕಬ್ಬಿಣ ಉಜ್ಜಿದರೆ ಕೂದಲೆಳೆಯಷ್ಟು ವ್ಯತ್ಯಾಸವೂ ನನ್ನ ಬೆರಳಿಗೆ ಗೊತ್ತಾಗುತ್ತಿತ್ತು. ಇದನ್ನು ಹೇಳಿಕೊಳ್ಳಲು ನನಗೆ ಈಗಲೂ ಸಂಕೋಚವಿಲ್ಲ. ಯಜಮಾನರು ಧಾರವಾಡ ಕಡೆಯ ಮೇಸ್ತ್ರಿ. ಯಾವ ಮಿಲ್ಲಿನ ಸಾಮಾನು ಮುರಿದು ಬಂದರೂ ನೋಡಿ ಅಂಥದ್ದೇ ಮಾಡಿಸಿ ಕೊಡುತ್ತಿದ್ದರು. ಆಗ ಚೆಂಬೂರಿನ ಆಚೆ ರಿಫೈನರಿ ಏಳುತ್ತಿತ್ತು. ವಿದೇಶದ ಯಂತ್ರ ಹೊತ್ತ ಲಾರಿಗಳು ಬಾಗಿಲ ಮುಂದೆ ಹಾದಾಗಲೆಲ್ಲ, ಇದನ್ನೂ ಹೊರಗಿನಿಂದಲೇ ತರಬೇಕೇ ಎಂದು ಮೇಸ್ತ್ರಿ ಮನಸಾರೆ ಬೈಯುತ್ತಿದ್ದರು.

ಅವರ ಅಕ್ಕನ ಮಗ ಬೆಂಗಳೂರಿನಲ್ಲಿ ವಿಮಾನದ ಇಂಜಿನಿಯರ್. ರಜೆಗೆ ಬಂದವನು ಜೇಬಿನಿಂದ ಬೆರಳುದ್ದದ, ತುಸು ತಿರುಚಿದ ಬ್ಲೇಡು ತೆಗೆದ. ಜೆಟ್ ಇಂಜಿನ್ನಿನೊಳಗೆ ಬೆಂಕಿಯಂಥ ಗಾಳಿಯಲ್ಲಿ ತಿರುಗುವಂಥದ್ದು, ವಿದೇಶದ್ದು, ಅಳತೆ ತಪ್ಪಿ ಬಿಸಾಡಿದ್ದಂತೆ. ಫೈಟರ್ ವಿಮಾನ ನಾವೇ ಕಟ್ಟುವ ಮಾತು ನಡೆದಿದೆ, ಇಂಜಿನ್ ಮಾತ್ರ ಹೊರಗಿನ ಕಂಪನಿ ಜೊತೆ ಸೇರಿಯೇ ಆಗಬೇಕು ಎಂದ. ಮೇಸ್ತ್ರಿ ಕೆರಳಿದರು.

"ಇಷ್ಟ ತುಣುಕಿಗೆ ಅವರ ಕಾಲ ಹಿಡೀಬೇಕೇನೋ ಅಳಿಯಾ? ನೀ ಹೊಳ್ಳಿ ಹೋಗೂದರಾಗ ನಮ್ಮ ಫಿಟರ್ ಮಾಡಿ ಕೊಡ್ತಾನ."

ವಿದೇಶದ್ದು, ನಮ್ಮದು ಎರಡನ್ನೂ ಕುಲುಮೆಗಿಟ್ಟು ನೋಡುವುದೆಂದು ತೀರ್ಮಾನವಾಯಿತು. ಸೋತರೆ ಇನ್ನು ಆ ಲಾರಿಗಳಿಗೆ ಬೈಯುವುದಿಲ್ಲ ಎಂದು ಮೇಸ್ತ್ರಿ ಎಲ್ಲರೆದುರು ಮಾತು ಕೊಟ್ಟರು.

ನಮಗೆ ಗೊತ್ತಿದ್ದ ಅತಿ ಗಟ್ಟಿ ಉಕ್ಕೆಂದರೆ ಹಳೆ ಲಾರಿಯ ಸ್ಪ್ರಿಂಗ್ ಪಟ್ಟಿ. ಮೇಸ್ತ್ರಿ ತಾವೇ ಗುಜರಿಗೆ ಹೋಗಿ, ಒಂದೊಂದೇ ಪಟ್ಟಿ ಬಡಿದು ಸದ್ದು ಕೇಳಿ, ಒಂದನ್ನು ಆರಿಸಿ ತಂದರು. ಎಂಟು ದಿನ ಉಜ್ಜಿದೆ. ಮನೆಯಲ್ಲಿ ಹೆಂಡತಿ ಅನ್ನ ಬಡಿಸಿದರೆ ತಟ್ಟೆಯ ಅಂಚನ್ನೇ ಸವರುತ್ತ ಕೂರುತ್ತಿದ್ದೆನಂತೆ. ಕೊನೆಗೆ ಮೇಸ್ತ್ರಿ ಕಣ್ಣು ಮುಚ್ಚಿ ಎರಡನ್ನೂ ಮುಟ್ಟಿ, ವಿದೇಶದ್ದನ್ನೇ ನಾನು ಮಾಡಿದ್ದೆಂದು ತಿಳಿದರು.

ನಮ್ಮಲ್ಲಿ ಒಂದು ರೂಢಿಯಿತ್ತು. ಮಾಡಿದವನು ಸಾಮಾನಿನ ಬುಡದಲ್ಲಿ ತನ್ನ ಗುರುತು ಹೊಡೆಯಬೇಕು; ಕೆಟ್ಟರೆ ಯಾರ ಕೆಲಸವೆಂದು ತಿಳಿಯಲು. ಮೇಸ್ತ್ರಿಯದು ಒಂದು ಚುಕ್ಕೆ, ನನ್ನದು ಎರಡು. ಎದೆಯುಬ್ಬಿಸಿ ಎರಡು ಚುಕ್ಕೆ ಹೊಡೆದೆ.

ಅಳಿಯ ಹೊರಡುವ ಬೆಳಿಗ್ಗೆ ಎರಡರ ಬುಡವನ್ನೂ ಬಿಗಿದು, ಬೆಂಕಿಯ ಮೇಲೆ ಅಡ್ಡ ಚಾಚಿ, ತುದಿಗೆ ತಂತಿಯಲ್ಲಿ ಒಂದೊಂದು ತೂಕ ಕಟ್ಟಿದೆವು. ತಿದಿ ಊದಿದಂತೆ ಎರಡೂ ಕೆಂಪಾದವು. ವಿದೇಶದ್ದು ಚಾಚಿದಂತೆಯೇ ಇತ್ತು. ನನ್ನದು ನಿಧಾನಕ್ಕೆ ಬಾಗಿತು. ತೂಕ ಹೋಗಿ ಬೂದಿಯಲ್ಲಿ ಕೂತಿತು.

ಗೆದ್ದ ಅಳಿಯ ಹಿಗ್ಗಲಿಲ್ಲ. ಆ ಲೋಹ ಬೆರೆಸುವ ಗುಟ್ಟನ್ನು ಜೊತೆ ಸೇರುವ ಹೊರಗಿನ ಕಂಪನಿಯವರೂ ಹೇಳಿಕೊಡುವುದು ಅನುಮಾನ, ಅದನ್ನು ನಾವೇ ಹುಡುಕಬೇಕಾದೀತು ಎಂದ. ಬಾಗಿದ ಬ್ಲೇಡು ಆರಿದ ಮೇಲೆ ಅದನ್ನು ತನ್ನ ಸಾಹೇಬರಿಗೆ ತೋರಿಸಲು ಕೇಳಿದ. ಸೊಟ್ಟಗಾದದ್ದು ಹೊರಗೆ ಹೋಗುವುದು ಬೇಡವೆಂದು ಮೇಸ್ತ್ರಿ ತಡೆದರು.

"ಇದನ್ನ ನೋಡಿದ್ರ ನಮಗ ಏನ ಬರತದ, ಏನ ಬರೂದಿಲ್ಲ, ಎರಡೂ ತಿಳೀತದ ಮಾಮಾ. ಕೊಡ್ರಿ."

ಮೇಸ್ತ್ರಿ ಬ್ಲೇಡಿನ ಬುಡದಲ್ಲಿದ್ದ ನನ್ನ ಗುರುತನ್ನು ನೋಡುತ್ತ ನಿಂತರು. ಆಮೇಲೆ ಪಂಚು ತೆಗೆದುಕೊಂಡು, ಅದರ ಪಕ್ಕದಲ್ಲೇ ತಮ್ಮ ಒಂದು ಚುಕ್ಕೆ ಹೊಡೆದರು.

"ಉಜ್ಜಿದಾಂವ ಇವ. ಪಟ್ಟಿ ಆರಿಸಿದಾಂವ ನಾ. ಅಲ್ಲೆ ಕೇಳಿದ್ರ ಹಂಗ ಹೇಳು."

ಅಳಿಯನನ್ನು ರೈಲು ಹತ್ತಿಸಿ ಬರುವಾಗ ಯಂತ್ರ ಹೊತ್ತ ಲಾರಿಯೊಂದು ಎದುರಾಯಿತು. ಮೇಸ್ತ್ರಿ ಬೈಯಲಿಲ್ಲ. ರಸ್ತೆ ಬದಿಗೆ ನಿಂತು ಆ ಪೆಟ್ಟಿಗೆಗಳನ್ನೇ ನೋಡುತ್ತ, ಒಳಗಿನ ಕಬ್ಬಿಣ ಎಂಥದ್ದಿರಬಹುದು ಎಂದು ನನ್ನನ್ನು ಕೇಳಿದರು.