ಅಕ್ಕುವಿನ ತೊಂಬತ್ತೊಂದು ದಿನ

ಅಕ್ಕುವಿಗೆ ಎರಡು ವಿಷಯಗಳಲ್ಲಿ ಹಟ. ಒಂದು, ಮನೆಗೆ ಬಂದವರು ಚಹಾ ಕುಡಿಯದೆ ಮೆಟ್ಟಿಲು ಇಳಿಯಬಾರದು. ಇನ್ನೊಂದು, ತನ್ನ ಮಂಡಿನೋವಿನ ಸುದ್ದಿಯನ್ನು ಯಾರೂ ಎತ್ತಬಾರದು. ಡೊಂಬಿವಲಿ ಪೂರ್ವದಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಾಳಿಗೆಯಲ್ಲಿ ಇರುವವಳಿಗೆ ಈ ಎರಡನೇ ಹಟ ನಡೆಯುವಂಥದ್ದಲ್ಲ. ಆದರೂ ನಡೆಸಿಕೊಂಡು ಬಂದಿದ್ದಳು. ಮೆಟ್ಟಿಲು ಹತ್ತುವಾಗ ಪ್ರತಿ ತಿರುವಿನಲ್ಲೂ ನಿಂತು, ಗೋಡೆಗೆ ಅಂಟಿಸಿದ ಸೊಸೈಟಿಯ ನೋಟಿಸನ್ನು ಈಗಷ್ಟೇ ಕಂಡವಳ ಹಾಗೆ ಓದುತ್ತಿದ್ದಳು. ನೋಟಿಸು ನೀರಿನ ಟಾಂಕಿ ತೊಳೆಯುವ ಬಗ್ಗೆ, ಅದೂ ಹೋದ ವರ್ಷದ್ದು. ಇಡೀ ಕಟ್ಟಡಕ್ಕೆ ವಿಷಯ ಗೊತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಊರು ಕಾರ್ಕಳದ ಕಡೆ. ಮದುವೆಯಾಗಿ ಬಂದಾಗ ಗಂಡ ಪ್ರೇಮನಾಥ ಠಾಣೆಯ ಮಾಜಿವಾಡಾದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ. ದಿನಪೂರ್ತಿ ಪರರ ದುಡ್ಡು ಮುಟ್ಟಿ ಬಂದವನಿಗೆ ಮನೆಯಲ್ಲಿ ದುಡ್ಡಿನ ಮಾತೆಂದರೆ ತಲೆಶೂಲೆ. ಹಾಗಾಗಿ ಆ ಕೆಲಸ ಅಕ್ಕುವಿನ ಪಾಲಿಗೆ ಬಂತು, ಅವಳು ಅದನ್ನು ಬರೀ ತನ್ನ ಮನೆಗೆ ಮಾತ್ರ ಮಾಡಿ ಸುಮ್ಮನೆ ಕೂರಲಿಲ್ಲ. ಹೋಟೆಲಿನವರ ಹೆಂಡಂದಿರು, ಟೈಲರಿಂಗ್ ಮಾಡುವವರು, ರೊಟ್ಟಿ ಬಡಿಯುವವರು ಎಂದು ಇಪ್ಪತ್ತು ಹೆಂಗಸರನ್ನು ಸೇರಿಸಿ ಭಿಶಿ ಶುರು ಮಾಡಿದಳು. ಊರಿನ ಕಡೆ ಅದಕ್ಕೆ ಚೀಟಿ ಎನ್ನುತ್ತಾರೆ, ಇಲ್ಲಿ ಭಿಶಿ.

ಅಕ್ಕುವಿನದು ಲಿಲಾವಿನ, ಅಂದರೆ ಹರಾಜಿನ ಭಿಶಿ. ತಿಂಗಳಿಗೊಮ್ಮೆ ಎಲ್ಲರೂ ದುಡ್ಡು ಹಾಕುವುದು, ಗಂಟು ಬೇಕಾದವರು ಎಷ್ಟು ಬಿಡುತ್ತೇನೆಂದು ಕೂಗುವುದು. ಒಬ್ಬಳು ನಾಲ್ಕು ಸಾವಿರ ಬಿಟ್ಟೆ ಎಂದರೆ ಇನ್ನೊಬ್ಬಳು ಐದು ಎನ್ನಬೇಕು. ಹೆಚ್ಚು ಬಿಟ್ಟವಳಿಗೆ ಗಂಟು, ಬಿಟ್ಟ ದುಡ್ಡು ಉಳಿದವರಿಗೆ ಹಂಚಿಕೆ. ಇದೆಲ್ಲ ಎಲ್ಲ ಕಡೆ ಇರುವುದೇ. ಅಕ್ಕುವಿನ ಭಿಶಿಯಲ್ಲಿ ಮಾತ್ರ ಮತ್ತೆರಡು ನೇಮಗಳಿದ್ದವು. ಕೂಗಿದ ಮಾತನ್ನು ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ. ಮತ್ತೆ, ಗಂಟು ಎತ್ತುವವಳು ಯಾತಕ್ಕೆ ಬೇಕೆಂದು ಎಲ್ಲರ ಎದುರಿಗೆ ಹೇಳಬೇಕು. ಕಾರಣ ಕೇಳಿದ ಮೇಲೆ ಎಷ್ಟೋ ಸಲ ಉಳಿದವರು ಕೂಗುವುದನ್ನೇ ನಿಲ್ಲಿಸಿ, ಕಷ್ಟದವಳಿಗೆ ಕಡಿಮೆಯಲ್ಲಿ ಗಂಟು ಸಿಗುವ ಹಾಗೆ ಮಾಡುತ್ತಿದ್ದರು. ಮೊದಲ ಗಂಟು ನಡೆಸುವವಳದ್ದು, ಅದಕ್ಕೆ ಕೂಗೂ ಇಲ್ಲ, ಕಾರಣವೂ ಇಲ್ಲ. ಹೀಗೆ ಮೂವತ್ತೊಂದು ವರ್ಷ ಪರರ ಕಾರಣಗಳನ್ನು ಕೇಳಿಸಿಕೊಂಡ ಅಕ್ಕು ತನ್ನದೊಂದನ್ನೂ ಹೇಳಬೇಕಾಗಿ ಬರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಪ್ರೇಮನಾಥ ತೀರಿಹೋದ. ಮಗಳು ಮಾನಸಿ ಮದುವೆಯಾಗಿ ಪುಣೆಗೆ ಹೋದಳು. ಮನೆಯಲ್ಲಿ ಉಳಿದವನು ಮಗ ಯತಿನ್, ಐರೋಳಿಯಲ್ಲಿ ಒಂದು ಬ್ಯಾಂಕಿನ ಟ್ರೆಜರಿ ವಿಭಾಗದಲ್ಲಿ ಕೆಲಸ. ಬ್ಯಾಂಕಿನ ಕೋಟಿಗಳ ಲೆಕ್ಕ ಅವನಿಗೆ ಸುಲಭ, ಅಮ್ಮನ ನಾಲ್ಕು ಲಕ್ಷವೇ ಕಷ್ಟ. ಆ ನಾಲ್ಕು ಲಕ್ಷ ಎರಡೂ ಮಂಡಿಗಳ ಆಪರೇಷನ್ನಿಗೆಂದು ಇಟ್ಟದ್ದು. ಮೂರು ಸಲ ಇಟ್ಟದ್ದು, ಮೂರು ಸಲವೂ ಕೈಬಿಟ್ಟದ್ದು. ಮೊದಲ ಸಲ ಭಿಶಿಯ ಮೆಂಬರು ಈರವ್ವನ ಟಿಟ್ವಾಳಾ ಫ್ಲ್ಯಾಟಿಗೆ ಹೋಯಿತು. ಎರಡನೇ ಸಲ ಹೋಟೆಲು ಬಿಟ್ಟು ಸ್ವಂತ ಅಂಗಡಿ ಹಾಕಿದ ಮುರಾರಿಗೆ. ಮೂರನೇ ಸಲ ಯಾರದೋ ಹೆರಿಗೆ, ಅವಳಿಗೆ ಅವಳಿ-ಜವಳಿ ಮಕ್ಕಳು. ಎಲ್ಲರೂ ಹಿಂತಿರುಗಿಸಿದರು, ಅದರಲ್ಲಿ ತಕರಾರಿಲ್ಲ. ಆದರೆ ದುಡ್ಡು ವಾಪಸ್ ಬರುವಷ್ಟರಲ್ಲಿ ಡಾಕ್ಟರ ತಾರೀಕು ದಾಟಿರುತ್ತಿತ್ತು. ಮಂಡಿ ಇನ್ನಷ್ಟು ಬಾಗಿರುತ್ತಿತ್ತು.

"ಈ ಸಲ ಮುಂದೆ ಹಾಕಿದ್ರೆ ಅವರು ಗಾಲಿಕುರ್ಚಿ ತಗೊಳ್ಬೇಕಾಗ್ತದೆ," ಎಂದು ಡಾಕ್ಟರು ಯತಿನ್‌ಗೆ ನೇರ ಹೇಳಿದರು. ಮೂರನೇ ಮಾಳಿಗೆಯಲ್ಲಿ ಗಾಲಿಕುರ್ಚಿ ಎಂದರೆ ಹೊರಗಿನ ಲೋಕ ಮುಗಿಯಿತೆಂದೇ ಅರ್ಥ. ಆಪರೇಷನ್ನಿಗೆ ಮೂರೂವರೆ ತಿಂಗಳ ಮುಂದಿನ ಒಂದು ಸೋಮವಾರ ಗೊತ್ತಾಯಿತು. ಅಲ್ಲಿಯವರೆಗೆ ಅಮ್ಮನ ದುಡ್ಡನ್ನು ಅಮ್ಮನ ಕೈಯಿಂದಲೇ ಕಾಪಾಡುವುದು ಹೇಗೆಂದು ಯತಿನ್ ತಲೆ ಕೆಡಿಸಿಕೊಂಡ. ಕಡೆಗೆ ಒಂದು ಭಾನುವಾರ ಅಮ್ಮನ ಫೋನು ತೆಗೆದುಕೊಂಡು, ರಿಸರ್ವ್ ಬ್ಯಾಂಕಿನ ಆ್ಯಪಿನಲ್ಲಿ ಅವಳ ಹೆಸರಿನಲ್ಲೇ ಖಾತೆ ತೆರೆದ.

"ಅಮ್ಮಾ, ಇದು ನಿನ್ನ ಭಿಶಿ ಥರಾನೇ. ಸರಕಾರಕ್ಕೆ ಮೂರು ತಿಂಗಳಿಗೆ ಪೈಸಾ ಬೇಕು. ಪ್ರತಿ ಬುಧವಾರ ಲಿಲಾವ್ ಆಗ್ತದೆ, ಟ್ರೆಜರಿ ಬಿಲ್ ಅಂತ. ನೂರು ರೂಪಾಯಿ ಬಿಲ್ಲಿಗೆ ಈಗ ತೊಂಬತ್ತೆಂಟೂವರೆ ಚಿಲ್ಲರೆ ಕೊಡೋದು, ತೊಂಬತ್ತೊಂದು ದಿನ ಆದ ಮೇಲೆ ಪೂರಾ ನೂರು ವಾಪಸ್. ಬಡ್ಡಿ ಅಂತ ಅಲಗ್ ಇಲ್ಲ, ಆ ಫರಕ್ಕೇ ಬಡ್ಡಿ."

ಅಕ್ಕು ಕನ್ನಡಕ ಏರಿಸಿಕೊಂಡು ನೋಡಿದಳು. "ಕಾರಣ ಎಂತ ಹೇಳ್ತದೆ?"

"ಯಾರು?"

"ನಿನ್ನ ಸರಕಾರ. ಎಂತಕ್ಕಂತೆ ದುಡ್ಡು?"

ಬ್ಯಾಂಕಿನಲ್ಲಿ ಏಳು ವರ್ಷ ಕೆಲಸ ಮಾಡಿದ ಯತಿನ್‌ಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಟ್ಯಾಕ್ಸ್ ಬರೋದು ಯಾವಾಗ್ಲೋ, ಖರ್ಚು ಮಾತ್ರ ರೋಜ್ ಕಾ, ದಿನಾ ಇದ್ದದ್ದೇ. ನಡುವಿನ ಗ್ಯಾಪ್ ತುಂಬ್ಲಿಕ್ಕೆ," ಎಂದ.

ಇದು ಅಕ್ಕುವಿಗೆ ಒಪ್ಪಿಗೆಯಾಯಿತು. ಸಂಬಳ ಏಳನೇ ತಾರೀಕಿಗೆ, ಅಕ್ಕಿ ಮುಗಿಯುವುದು ಒಂದನೇ ತಾರೀಕಿಗೆ. ಯಾರ ಮನೆಯಲ್ಲೂ ಹಾಗೆಯೇ. "ಆದ್ರೂ ಪ್ರತಿ ಬುಧವಾರ ಅಂದ್ರೆ, ಕೈ ಸ್ವಲ್ಪ ಧಾರಾಳವೇ ಮಾರಾಯ," ಎಂದಳು.

"ಸರಕಾರ ವಾಪಸ್ ಕೊಡೋದ್ರಲ್ಲಿ ತಪ್ಪಿಸಿಲ್ಲ ಅಲ್ವಾ. ಅದು ಮುಖ್ಯ."

ಹಾಗಾದರೆ ನಾನು ಎಷ್ಟಕ್ಕೆ ಕೂಗಬೇಕು ಎಂದು ಅಕ್ಕು ಸೆರಗು ಸಿಕ್ಕಿಸಿಕೊಂಡು ಕೂತಳು. ಇಲ್ಲಿ ಯತಿನ್ ಮೆತ್ತಗೆ ಹೇಳಬೇಕಾಯಿತು. ಈ ಲಿಲಾವು ಭಿಶಿಗೆ ಉಲ್ಟಾ. ಅಲ್ಲಿ ಎತ್ತುವವರು ಹಲವರು, ಪೈಪೋಟಿ ಅವರೊಳಗೆ. ಇಲ್ಲಿ ಎತ್ತುವವರು ಒಬ್ಬರೇ, ಪೈಪೋಟಿ ಕೊಡುವವರ ನಡುವೆ. ಕೂಗುವುದು ದೊಡ್ಡ ಬ್ಯಾಂಕುಗಳು, ಫಂಡುಗಳು. ನಮ್ಮಂಥ ಸಣ್ಣವರು ಎಷ್ಟು ಲಕ್ಷದ ಬಿಲ್ಲು ಬೇಕೆಂದು ಮಾತ್ರ ಬರೆಯುವುದು, ದರ ಬರೆಯುವ ಹಾಗಿಲ್ಲ. ದೊಡ್ಡವರ ಕೂಗಿನ ಸರಾಸರಿ ಏನು ಬರುತ್ತದೋ ಅದೇ ನಮಗೆ.

"ಅಂದ್ರೆ ನಾನು ಬಾಯಿ ಇಲ್ಲದ ಮೆಂಬರ್," ಎಂದಳು ಅಕ್ಕು. ಮೂವತ್ತೊಂದು ವರ್ಷ ಲಿಲಾವು ನಡೆಸಿದವಳಿಗೆ ಇದು ಅವಮಾನವೇ. ಆ ಸಂಜೆ ಚಹಾಕ್ಕೆ ಸಕ್ಕರೆ ಕಡಿಮೆ ಬಿತ್ತು. ಆದರೂ ಮರುದಿನ ನಾಲ್ಕು ಲಕ್ಷಕ್ಕೆ ಬಿಡ್ ಹಾಕಿಸಿಕೊಂಡಳು. ಬುಧವಾರ ಲಿಲಾವು ಮುಗಿದು ಗುರುವಾರ ಬಿಲ್ಲು ಅವಳ ಖಾತೆಗೆ ಬಂತು. ಮೂರು ಲಕ್ಷ ತೊಂಬತ್ತನಾಲ್ಕು ಸಾವಿರದ ಚಿಲ್ಲರೆ ಹೋಗಿತ್ತು, ಹೆಚ್ಚಿಗೆ ಕಟ್ಟಿಸಿಕೊಂಡದ್ದು ತಿರುಗಿ ಬಂದಿತ್ತು.

ಆಮೇಲಿನ ದಿನಗಳಲ್ಲಿ ಅಕ್ಕುವಿನ ಗತ್ತೇ ಬೇರೆಯಾಯಿತು. ಕೆಳಗಿನ ಮನೆಯ ದಾನೇಶ್ವರಿ ಅಳಿಯನ ಬೈಕಿಗೆ ದುಡ್ಡು ಕೇಳಲು ಬಂದಾಗ, "ಉಂಟು ಮಾರಾಯ್ತಿ, ಆದ್ರೆ ಸರಕಾರಕ್ಕೆ ಕೊಟ್ಟಿದ್ದೇನೆ, ಅವರಿಗೂ ಗ್ಯಾಪ್ ಉಂಟಂತೆ," ಎಂದಳು. ಇಲ್ಲ ಎನ್ನುವುದು ಇಷ್ಟು ಸಲೀಸೆಂದು ಅವಳಿಗೆ ಗೊತ್ತೇ ಇರಲಿಲ್ಲ. ಆ್ಯಪು ನೋಡುವುದನ್ನೂ ಚೆನ್ನಾಗಿ ಕಲಿತಳು. ಬುಧವಾರ ಸಂಜೆ ಯತಿನ್ ಚಪ್ಪಲಿ ಬಿಡುವ ಮೊದಲೇ, "ಇವತ್ತು ಸರಾಸರಿ ಎಷ್ಟಕ್ಕೆ ಹೋಯಿತು?" ಎಂದು ಕೇಳುತ್ತಿದ್ದಳು.

ತೊಂಬತ್ತೊಂದನೇ ದಿನ, ಗುರುವಾರ, ನಾಲ್ಕು ಲಕ್ಷ ನೆಟ್ಟಗೆ ಬಂದು ಬ್ಯಾಂಕಿನಲ್ಲಿ ಕೂತಿತು. ಆಪರೇಷನ್ನಿಗೆ ಹನ್ನೊಂದು ದಿನ ಬಾಕಿ.

ಮಂಗಳವಾರ ಸಂಜೆ ಆಸ್ಪತ್ರೆಗೆ ಮುಂಗಡ ಕಟ್ಟಲೆಂದು ಯತಿನ್ ಅಮ್ಮನ ಫೋನು ತೆರೆದರೆ ಖಾತೆ ಬರಿದು. ಮೊದಲು ಅವನಿಗೆ ಹೊಳೆದದ್ದು ದಾನೇಶ್ವರಿಯ ಅಳಿಯನ ಬೈಕು. ಆಮೇಲೆ ಆ್ಯಪು ನೋಡಿದ. ಅಂದು ಮಧ್ಯಾಹ್ನವೇ ಅಕ್ಕು ಇದ್ದ ದುಡ್ಡೆಲ್ಲ ಹಾಕಿ ಹೊಸ ಬಿಡ್ ಮಾಡಿದ್ದಳು. ತೊಂಬತ್ತೊಂದು ದಿನದ್ದಲ್ಲ. ಮುನ್ನೂರ ಅರವತ್ತನಾಲ್ಕು ದಿನದ್ದು.

"ಇದೇನಮ್ಮಾ?"

"ದುಡ್ಡು ಸುಮ್ಮನೆ ಕೂತಿತ್ತಲ್ಲ," ಎಂದಳು ಅಕ್ಕು, ಬಸಳೆ ಹೆಚ್ಚುತ್ತ. "ವರ್ಷದ್ದಕ್ಕೆ ದರ ಚೂರು ಜಾಸ್ತಿ ಉಂಟು. ಮಂಡಿಯದ್ದು ಬರುವ ವರ್ಷ ನೋಡುವ."

ಯತಿನ್‌ಗೆ ಸಿಟ್ಟು ಬರಬೇಕಿತ್ತು, ಬಂದದ್ದು ದಿಗಿಲು. ಯಾರಿಗೂ ಕೊಟ್ಟಿಲ್ಲ, ಯಾರೂ ಕೇಳಿಲ್ಲ. ಮೂರು ಸಲವೂ ಪರರ ಕಷ್ಟವೇ ಅಡ್ಡ ಬಂತೆಂದು ನಂಬಿದ್ದವನಿಗೆ, ಈಗ ಅಮ್ಮನ ಮುಖ ನೋಡಿದಾಗ ಬೇರೇನೋ ಕಂಡಿತು. "ನಾಳೆ ಬೆಳಗ್ಗೆ ಒಂಬತ್ತರ ಒಳಗೆ ಕ್ಯಾನ್ಸಲ್ ಮಾಡ್ಬಹುದಮ್ಮಾ," ಎಂದ.

"ಕೂಗಿದ್ದನ್ನು ವಾಪಸ್ ತೆಗೆಯುದಾ? ನನ್ನ ಭಿಶಿಯಲ್ಲಿ ಯಾರಿಗೂ ಬಿಟ್ಟವಳಲ್ಲ ನಾನು. ಈಗ ನಾನೇ ಮಾಡುದಾ?"

ಅಲ್ಲಿ ಹಾಗಿಲ್ಲ, ಬಾಗಿಲು ಮುಚ್ಚುವ ತನಕ ತೆಗೆಯಬಹುದು, ಅದು ಅವರದೇ ನೇಮ ಎಂದು ಅವನು ಎಷ್ಟು ಹೇಳಿದರೂ ಅಕ್ಕು ಬಸಳೆಯಿಂದ ತಲೆ ಎತ್ತಲಿಲ್ಲ. ಫೋನು ಅವನ ಕೈಯಲ್ಲೇ ಇತ್ತು, ಒತ್ತಿದ್ದರೆ ಒಂದು ನಿಮಿಷದ ಕೆಲಸ. ಒತ್ತಲಿಲ್ಲ. ಅಮ್ಮನ ಹೆಸರಿನ ಮಾತನ್ನು ಅಮ್ಮನೇ ತೆಗೆಯಬೇಕು ಅನಿಸಿತು ಅವನಿಗೆ. ಫೋನನ್ನು ಅವಳ ಪಕ್ಕದಲ್ಲಿಟ್ಟು, ಬಾಲ್ಕನಿಗೆ ಹೋಗಿ ಈರವ್ವನಿಗೆ ಫೋನು ಹಚ್ಚಿದ.

ಈರವ್ವ ಬಾಗಲಕೋಟೆ ಕಡೆಯವಳು, ಕಲ್ಯಾಣದ ಒಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುತ್ತಾಳೆ. ಇಪ್ಪತ್ತು ವರ್ಷದಿಂದ ಅಕ್ಕುವಿನ ಭಿಶಿಯ ಮೆಂಬರು. ಬುಧವಾರ ಬೆಳಗ್ಗೆ ಏಳೂವರೆಗೆಲ್ಲ ಟಿಟ್ವಾಳಾದ ಲೋಕಲ್ಲು ಹಿಡಿದು ಬಂದು ಬಾಗಿಲು ಬಡಿದಳು. ಯತಿನ್ ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದ.

"ಏನಕ್ಕಾ, ಗಂಟು ಎತ್ತೀಯಂತ?" ಎಂದಳು ಈರವ್ವ, ನೆಲದ ಮೇಲೆ ಕಾಲು ಚಾಚಿ ಕೂತು.

"ಎತ್ತಿಲ್ಲ, ಹಾಕಿದ್ದೇನೆ."

"ಎರಡೂ ಒಂದs. ಡಾಕ್ಟರ ಕೈಯಾಗ ಹೋಗೂ ರೊಕ್ಕಾ ತಗದು ಬ್ಯಾರೆ ಕಡೆ ಇಟ್ಟಿ. ಕಾರಣಾ ಹೇಳು."

"ದರ ಜಾಸ್ತಿ ಉಂಟಂತ..."

"ಅದು ಕಾರಣಲ್ಲ. ನಾ ಮನಿ ತಗೊಳ್ಳೂಮುಂದ ನೀ ಏನ ಮಾಡಿದಿ? ಹತ್ತೊಂಬತ್ತ ಮಂದಿ ಮುಂದ, ಗಂಡ ಕುಡದು ಹೊರಗ ಹಾಕ್ಯಾನ, ನನಗ ಒಂದು ಬಾಗಲಾ ಬೇಕು ಅಂತ ನನ್ನ ಬಾಯಿಂದನs ಹೇಳಿಸಿದಿ. ನಾಲಿಗಿ ಒಣಗಿ ಹೋಗಿತ್ತು ನಂದು. ಹೇಳಿದ ಮ್ಯಾಲೆ ಎದಿ ಹಗೂರಾತು. ಈಗ ನೀ ಹೇಳು."

ಅಕ್ಕು ಫ್ಯಾನು ನೋಡಿದಳು, ಗಡಿಯಾರ ನೋಡಿದಳು. ಎಂಟು ಗಂಟೆ ಹತ್ತು ನಿಮಿಷ. ಯಾರ್ಯಾರದೋ ಕಷ್ಟವನ್ನು ಬಾಯಿಂದ ಹೊರಡಿಸುವುದರಲ್ಲಿ ಪಳಗಿದವಳಿಗೆ ತನ್ನದಕ್ಕೆ ಮೊದಲ ಮಾತು ಯಾವುದೆಂದೇ ತಿಳಿಯಲಿಲ್ಲ.

"ನಮ್ಮವರು ಆಸ್ಪತ್ರೆಗೆ ನಡ್ಕೊಂಡೇ ಹೋದದ್ದು ಈರವ್ವ," ಎಂದಳು ಕಡೆಗೆ. "ಬರೀ ಹರ್ನಿಯಾ. ನಾಳೆ ಸಂಜೆ ಮನೆಗೆ ಬರ್ತೇನೆ, ಮೀನು ಸಾರು ಮಾಡಿಡು ಅಂದ್ರು. ನಾನು ಬಂಗುಡೆ ತಂದು ಕ್ಲೀನ್ ಮಾಡಿ ಇಟ್ಟಿದ್ದೆ. ಅಲ್ಲಿ ಟೇಬಲ್ ಮೇಲೆ ಹಾರ್ಟ್ ನಿಂತಿತಂತೆ. ಯಾರ ತಪ್ಪೂ ಇಲ್ಲ ಅಂದ್ರು ಡಾಕ್ಟರು, ಇಲ್ಲದೆಯೂ ಇರ್ಬಹುದು." ಸೆರಗಿನಿಂದ ಮೂಗು ಒರೆಸಿಕೊಂಡಳು. "ನನಗೆ ಹೆದರಿಕೆ ಆಗ್ತದೆ. ಯಾರಾದರೂ ದುಡ್ಡು ಕೇಳ್ಲಿಕ್ಕೆ ಬಂದ್ರೆ, ಸದ್ಯ ತಪ್ಪಿತು ಅಂತ ಖುಷಿ ಆಗ್ತಿತ್ತು ನನಗೆ. ನೀವೆಲ್ಲ ನನ್ನನ್ನು ದೊಡ್ಡ ಮನಸ್ಸಿನವಳು ಅಂತೀರಿ. ಅಷ್ಟೆಲ್ಲ ಇಲ್ಲ."

ಒಳಗಿನ ಕೋಣೆಯಲ್ಲಿ ಯತಿನ್ ಲೋಟ ಕೈಯಲ್ಲಿ ಹಿಡಿದು ನಿಂತೇ ಇದ್ದ. ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದು ಈ ಮಾತನ್ನು ಅವನು ಒಮ್ಮೆಯೂ ಕೇಳಿರಲಿಲ್ಲ.

ಈರವ್ವ ಸಮಾಧಾನ ಹೇಳಲಿಲ್ಲ. ಏನೂ ಆಗುವುದಿಲ್ಲ ಎಂದು ಸುಳ್ಳು ಭರವಸೆಯನ್ನೂ ಕೊಡಲಿಲ್ಲ. "ಅಂಜಿಕಿ ಇದ್ದದ್ದು ಖರೇ," ಎಂದಳು. "ನಿನ್ನ ರೊಕ್ಕದ್ಲೇ ನನಗ ಮನಿ ಆತು. ಅದರಾಗ ನಿನ್ನ ಅಂಜಿಕಿನೂ ಇತ್ತು ಅಂದ್ರ ನನಗೇನು ಕಡಿಮಿ ಆಗೂದಿಲ್ಲ. ಆದ್ರ ಇಷ್ಟು ವರ್ಷಾತು, ಒಮ್ಮೇನೂ ನನ್ನ ಮನಿ ಮೆಟ್ಟಲಾ ಹತ್ತಿಲ್ಲ ನೀನು."

ಅದು ನಿಜ. ಟಿಟ್ವಾಳಾದ ಗಣಪತಿ ಗುಡಿಗೆಂದು ಕೂಡ ಹೋಗಿರಲಿಲ್ಲ. ಸ್ಟೇಷನ್ನಿನ ಸೇತುವೆಯ ಮೆಟ್ಟಿಲೇ ಆಗುವುದಿಲ್ಲ, ಇನ್ನು ಈರವ್ವನ ನಾಲ್ಕು ಮಾಳಿಗೆಯೆಲ್ಲಿ.

ಅಕ್ಕು ಫೋನು ಎತ್ತಿಕೊಂಡಳು. ಆ್ಯಪು ತೆರೆದಳು, ತನ್ನ ಬಿಡ್ ಹುಡುಕಿದಳು, ಕನ್ನಡಕ ಒರೆಸಿ ಇನ್ನೊಮ್ಮೆ ಓದಿದಳು. ಕ್ಯಾನ್ಸಲ್ ಒತ್ತಿ, ಬಂದ ಓಟಿಪಿಯನ್ನು ಒಂದೊಂದೇ ಅಂಕಿ ಬಾಯಲ್ಲಿ ಹೇಳಿಕೊಂಡು ಹಾಕಿದಳು. ಕೂಗಿದ ಮಾತು ವಾಪಸ್ ಬಂತು. ದುಡ್ಡು ಒಂದೆರಡು ದಿನದಲ್ಲಿ ತಿರುಗಿ ಬರುತ್ತದೆ, ಮುಂಗಡ ನಾನು ಈಗಲೇ ಕಟ್ಟುತ್ತೇನೆ ಎಂದು ಯತಿನ್ ಒಳಗಿನಿಂದಲೇ ಹೇಳಿದ.

ಅಕ್ಕು ಫೋನನ್ನು ಮಗುಚಿ ಇಟ್ಟಳು. ಆಮೇಲೆ ತನ್ನ ಬದುಕಿನಲ್ಲಿ ಯಾರನ್ನೂ ಕೇಳದ ಒಂದು ಮಾತನ್ನು, ನೆಲ ನೋಡುತ್ತ ಕೇಳಿದಳು.

"ಈರವ್ವ, ಸೋಮವಾರ ನನ್ನ ಜೊತೆ ಬರ್ತೀಯಾ?"

"ಖಾನಾವಳ್ಯಾಗ ಎಂಟು ದಿನದ ಸೂಟಿ ಬೇಕಂತ ಹೇಳಿ ಒಂದು ತಿಂಗಳಾತು," ಎಂದಳು ಈರವ್ವ. "ನೀ ಯಾವಾಗ ಕೇಳತಿ ಅಂತ ದಾರಿ ಕಾಯಾಕತ್ತಿದ್ದೆ."