ಕಸ್ತೂರೆಮ್ಮ ಟೀಚರಿಗೆ ಶ್ರದ್ಧಾಂಜಲಿ

ಕಸ್ತೂರೆಮ್ಮನಿಗೆ ಗ್ರಂಥಾಲಯದ ಕೀಲಿ ಸಿಕ್ಕಿದ್ದು ಓದಿನ ಹುಚ್ಚಿಗಲ್ಲ, ಒಂದು ದಿನ ರಜೆ ಹಾಕಿದ್ದಕ್ಕೆ. ಯಲಬುರ್ಗಾ ತಾಲೂಕಿನ ಆ ಹಳ್ಳಿಯ ಹೈಸ್ಕೂಲಿನಲ್ಲಿ ಒಂದು ರೂಢಿ: ಯಾರಿಗೂ ಬೇಡವಾದ ಕೆಲಸ ಬಂದರೆ ಅಂದು ಬಾರದವರ ಕೊರಳಿಗೆ ಕಟ್ಟುವುದು. ಹಿಂದಿ ಕಲಿಸುವ ಕಸ್ತೂರೆಮ್ಮ ತಂಗಿಯ ಮಗಳ ತೊಟ್ಟಿಲು ಕಾರ್ಯಕ್ಕೆ ಹೋಗಿ ಹೋಳಿಗೆ ಉಂಡು ಬರುವಷ್ಟರಲ್ಲಿ ಗ್ರಂಥಪಾಲಕಿಯೂ ಆಗಿದ್ದಳು.

ಗ್ರಂಥಾಲಯವೆಂದರೆ ಒಂದು ಕೋಣೆ, ಕೋಣೆಯೊಳಗೆ ಗಾಜಿನ ಬಾಗಿಲಿನ ಒಂದು ಕಪಾಟು, ಕಪಾಟಿಗೆ ಬೀಗ. ಪುಸ್ತಕ ಕಳೆದರೆ ಕೀಲಿ ಇದ್ದವರೇ ಹೊಣೆ. ಅದಕ್ಕೇ ಹಿಂದಿನವರು ಯಾರೂ ಬೀಗ ತೆಗೆದಿರಲಿಲ್ಲ. ಹೊಣೆ ಯಾರದೆಂದು ಬಂದವರಿಗೆ ಗೊತ್ತಾಗಲಿ ಎಂದು ಕಪಾಟಿನ ಬಾಗಿಲಿಗೆ ಕೀಲಿ ಇದ್ದವರ ಫೋಟೊ ಅಂಟಿಸಬೇಕಿತ್ತು. ಕಸ್ತೂರೆಮ್ಮ ಹುಡುಕಾಡಿ, ತಾನು ನೌಕರಿಗೆ ಸೇರುವಾಗ ತೆಗೆಸಿದ್ದ ಫೋಟೊ ಅಂಟಿಸಿದಳು. ಎರಡು ಜಡೆ, ಹೆದರಿದ ಕಣ್ಣು. ಅದರ ಕೆಳಗೆ ಗಾಜಿನ ಮೇಲೆ ಮಕ್ಕಳ ಮೂಗಿನ ಗುರುತುಗಳಿರುತ್ತಿದ್ದವು. ಒಳಗಿನ ಪುಸ್ತಕಗಳ ಹೆಸರನ್ನಾದರೂ ಓದೋಣವೆಂದು ಮೂಗು ಒತ್ತಿ ನಿಲ್ಲುತ್ತಿದ್ದ ಹುಡುಗಿಯರವು. ಅವನ್ನು ಒರೆಸುವಾಗಲೆಲ್ಲ ಆಕೆಗೆ ನಾಚಿಕೆಯಾಗುತ್ತಿತ್ತು.

ಒಂದು ದಿನ ಹೆಡ್‌ಮಾಸ್ತರ ಪಂಪಾಪತಿ ಬಂದು ಕೋಣೆಯನ್ನು ಹೆಣ್ಣು ನೋಡಲು ಬಂದವರ ಹಾಗೆ ಮೇಲಿಂದ ಕೆಳಗೆ ನೋಡಿದರು.

"ಟೀಚರ್ರ, ಇಲ್ಲಿ ಓದೋರು ಯಾರೂ ಇಲ್ಲ. ಬಿಸಿಯೂಟದ ಅಕ್ಕಿಗೆ ಇಲಿ ಕಾಟ ಭಾಳ ಆಗೇತಿ. ದಸರಾ ಸೂಟಿ ಮುಗಿದ ಮ್ಯಾಲೆ ಚೀಲಾ ಇಲ್ಲಿ ಇಡಸ್ತೀನಿ."

"ಬ್ಯಾಡ್ರಿ ಸರ್. ಸೂಟಿ ಮುಗಿದ ಕೂಡ್ಲೆ ಮಕ್ಕಳಿಗೆ ಪುಸ್ತಕ ಕೊಡ್ತೀನ್ರಿ."

"ಕೊಡೋದೇನ ಸಸಾರ. ವಾಪಸ್ ಹೆಂಗ ಇಸ್ಕೊಂತೀರಿ? ಒಂದು ಹೋದ್ರೂ ನಿಮ್ಮ ತಲೀಗೆ ಬರ್ತೈತಿ."

ವಾಪಸ್ ಹೇಗೆ ಇಸಿದುಕೊಳ್ಳುವುದೆಂದು ಕಸ್ತೂರೆಮ್ಮನಿಗೂ ತಿಳಿಯದು. ಆದರೆ ಇಷ್ಟು ದಿನ ಬೇಡವಾಗಿದ್ದ ಕೋಣೆಯನ್ನು ಇನ್ನೊಬ್ಬರು ಕೇಳಿದ ಕೂಡಲೇ ಅದು ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಎನ್ನಿಸಿಬಿಟ್ಟಿತು.

ಕೊಪ್ಪಳದ ತರಬೇತಿಯಲ್ಲಿ ಒಬ್ಬರು, ನಿಮ್ಮಂಥವರೇ ಸೇರಿ ಒಂದು ಕಲಿಕಾ ಬಳಗ ಕಟ್ಟಿಕೊಳ್ಳಿ, ನಿಮಗೆ ತಿಳಿಯದ್ದು ಇನ್ನೊಬ್ಬರಿಗೆ ತಿಳಿದಿರುತ್ತದೆ ಎಂದಿದ್ದರು. ಕಸ್ತೂರೆಮ್ಮ ಅವರಿವರನ್ನು ಕಾಡಿ, ಕೊಪ್ಪಳ, ಗಂಗಾವತಿ, ಕುಷ್ಟಗಿಗಳಲ್ಲಿ ತನ್ನ ಹಾಗೆಯೇ ಕೀಲಿ ಕೊರಳಿಗೆ ಬಿದ್ದ ಮಾಸ್ತರು, ಟೀಚರುಗಳ ನಂಬರು ಕೂಡಿಸಿ ಒಂದು ವಾಟ್ಸಾಪ್ ಗುಂಪು ಕಟ್ಟಿದಳು. ಒಬ್ಬರ ಮುಖ ಒಬ್ಬರು ಕಂಡವರಲ್ಲ.

ಗುಂಪು ಭರ್ಜರಿಯಾಗಿ ನಡೆಯಿತು. ಬೆಳಿಗ್ಗೆ ಗುಲಾಬಿ ಹೂವಿನ ಮೇಲೆ ಶುಭೋದಯ, ಸಂಜೆ ಚಂದ್ರನ ಮೇಲೆ ಶುಭರಾತ್ರಿ, ನಡುವೆ ಯಾರದೋ ಹುಟ್ಟುಹಬ್ಬ. ಕಸ್ತೂರೆಮ್ಮ ಮಾತ್ರ ದಿನಾ ಒಂದೇ ಪ್ರಶ್ನೆ ಹಾಕುತ್ತಿದ್ದಳು: "ಮಕ್ಕಳಿಗೆ ಕೊಟ್ಟ ಪುಸ್ತಕ ತಪ್ಪದೆ ವಾಪಸ್ ಬರಲು ತಾವು ಏನು ಮಾಡುತ್ತೀರಿ?" ಉತ್ತರವಾಗಿ ಕೈಮುಗಿದ ಚಿತ್ರಗಳು ಸಾಲುಸಾಲು ಬರುತ್ತಿದ್ದವು. ಗುಡಿಯ ದೇವರಿಗೂ ಅಷ್ಟು ಕೈಗಳು ಮುಗಿದಿರಲಿಕ್ಕಿಲ್ಲ. ಓದಿದವರು ಮಾತ್ರ ಒಬ್ಬರೂ ಇಲ್ಲ.

ಆಯುಧ ಪೂಜೆಯ ದಿನ ಆಕೆ ಸಾಲೆಗೆ ಹೋಗಿ ಕಪಾಟು ಒರೆಸಿ, ಕುಂಕುಮ ಹಚ್ಚಿ, ಚೆಂಡುಹೂವಿನ ದೊಡ್ಡ ಮಾಲೆ ಹಾಕಿ, ಊದಿನಕಡ್ಡಿ ಹಚ್ಚಿ, ಕಾಯಿ ಒಡೆದಳು. ಅದರ ಫೋಟೊವನ್ನು ಗುಂಪಿಗೆ ಕಳಿಸಿ ಕೆಳಗೆ ಉದ್ದಕ್ಕೆ ಬರೆದಳು: ಸೂಟಿ ಮುಗಿದ ಮೇಲೆ ಈ ಕಪಾಟು ತೆಗೆಯದಿದ್ದರೆ ಕೋಣೆ ಅಕ್ಕಿ ಚೀಲದ ಪಾಲಾಗುತ್ತದೆ, ದಯವಿಟ್ಟು ದಾರಿ ತೋರಿಸಿರಿ ಎಂದು.

ಉದ್ದಕ್ಕೆ ಬರೆದದ್ದನ್ನು ಓದುವ ಪುಣ್ಯಾತ್ಮರು ಯಾರಿದ್ದಾರೆ? ಕಣ್ಣಿಗೆ ಬಿದ್ದದ್ದು ಇಷ್ಟೇ: ಕಸ್ತೂರೆಮ್ಮನ ಫೋಟೊ, ಸುತ್ತ ಹೂಮಾಲೆ, ಮುಂದೆ ಊದಿನಕಡ್ಡಿಯ ಹೊಗೆ.

ಕುಷ್ಟಗಿಯ ಹನುಮೇಶ ಮಾಸ್ತರ ಮೊದಲು ಬರೆದ: "ಓಂ ಶಾಂತಿ." ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಹಿಂದೆಯೇ ಓಂ ಶಾಂತಿಗಳ ಜಾತ್ರೆ. ಕಸ್ತೂರೆಮ್ಮ ಫೋನು ಹಿಡಿದು ಬೆವತಳು.

"ಸತ್ತಿಲ್ಲ ಅಂತ ಹಾಕು ಮಾರಾಯ್ತಿ," ಎಂದ ಗಂಡ ಹಾಲೇಶ.

"ನಾನು ಸತ್ತಿಲ್ಲ, ಆರಾಮ ಇದ್ದೇನೆ," ಎಂದು ಹಾಕಿದಳು. ಅದಕ್ಕೂ ಕೈಮುಗಿದ ಚಿತ್ರಗಳೇ ಬಂದವು. ಓದಿದವಳು ಒಬ್ಬಳೇ, ಗಂಗಾವತಿಯ ಹುಸೇನಬೀ ಟೀಚರು. ಆಕೆ ಉತ್ತರ ಬರೆದಳು: "ಪಾಪ, ಫೋನ್ ತಂಗಿ ಕೈಯಾಗ ಇರಬೇಕು. ಸಂಕಟದಾಗ ಏನ್ ಬರಿಯಾಕತ್ತೀನಿ ಅನ್ನೋದ ತಿಳಿಯವಲ್ದು ಕೂಸಿಗೆ. ಎಲ್ಲಾರೂ ಹೋಗಿ ಮಾತಾಡಿಸ್ಕೊಂಡು ಬರೂಣು."

ನಮ್ಮ ಸೀಮೆಯಲ್ಲಿ ಮದುವೆಗೆ ತಪ್ಪಿಸಿದರೂ ನಡೆದೀತು, ಸಾವಿನ ಮನೆಗೆ ಹೋಗಿ ಮಾತಾಡಿಸದಿದ್ದರೆ ನಡೆಯದು. ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಾದ್ದರಿಂದ ಹೋಗುವವರೇ ಬುತ್ತಿ ಒಯ್ಯಬೇಕು. ಮರುದಿನ ಗಂಗಾವತಿ, ಕೊಪ್ಪಳದವರು ಒಂದು ಕ್ರೂಸರ್ ಗಾಡಿ ಮಾಡಿಕೊಂಡು, ಡಬ್ಬಿ ಡಬ್ಬಿ ಅಡುಗೆಯ ಸಮೇತ ಕಸ್ತೂರೆಮ್ಮನ ಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದರು. ಹನುಮೇಶ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಮೋಟರ್ ಸೈಕಲ್ ಮೇಲೆ ಬಂದು ಅವರನ್ನು ಕೂಡಿಕೊಂಡ.

"ತೀರಿಕೊಂಡ ಹಿಂದಿ ಟೀಚರ್ ಮನಿ ಯಾವ್ ಕಡೆ ಬರ್ತೈತ್ರಿ?" ಎಂದು ಆತ ಚಹಾದಂಗಡಿಯವನನ್ನು ಕೇಳಿದ.

"ಕಸ್ತೂರೆಮ್ಮಾರೇನ್ರಿ? ಮುಂಜಾನೆ ಹಾಲು ಒಯ್ದಾರಲ್ರಿ!"

"ನೋಡ್ರಿ, ಮನಷ್ಯಾನ ಜೀವ ಅಂದ್ರ ಇಷ್ಟ ನೋಡ್ರಿ," ಎಂದು ಹನುಮೇಶ ಕಣ್ಣೊರೆಸಿಕೊಂಡ.

ಕಸ್ತೂರೆಮ್ಮ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಹುಸೇನಬೀ ಓಡಿ ಬಂದು ಆಕೆಯನ್ನು ತಬ್ಬಿಕೊಂಡು ಗೋಳೋ ಎಂದಳು. "ಯವ್ವಾ, ಎಂಥಾ ಮಗಳನ್ನ ಕಳಕೊಂಡ್ಯವ್ವಾ! ಎರಡು ಜಡಿ ಹುಡುಗಿ, ಅದೇನ್ ಸಾಯೋ ವಯಸ್ಸೇನು?"

ಸತ್ತಳೆಂದಿದ್ದಕ್ಕೆ ಬೆವತ ಕಸ್ತೂರೆಮ್ಮ, ಸತ್ತವಳ ತಾಯಿ ಎಂದದ್ದಕ್ಕೆ ಕೆರಳಿ ನಿಂತಳು.

"ಆ ಹುಡುಗಿ ನಾನ ಅದೀನ್ರಿ! ಅದು ಹಳೇ ಫೋಟೊ!"

ಎಲ್ಲರೂ ಬಾಯಿ ತೆರೆದುಕೊಂಡು ನಿಂತರು. ಹನುಮೇಶನ ಮುಖ ಮಾತ್ರ ಸಪ್ಪಗಾಯಿತು. ಜೇಬಿನಿಂದ ಮಡಿಸಿದ ಹಾಳೆ ತೆಗೆದ.

"ಮೇಡಮ್ಮಾರ, ಭಾಷಣಾ ಬರಕೊಂಡು ಬಂದೀನ್ರಿ. ಅಷ್ಟು ದೂರದಿಂದ ತಂದೀನಿ, ಓದೇ ಬಿಡ್ಲೇನ್ರಿ?"

ಓದಿದ. ಕಸ್ತೂರೆಮ್ಮ ಟೀಚರ ಅಗಲಿಕೆಯಿಂದ ನಾಲ್ಕು ತಾಲೂಕಿನ ಗ್ರಂಥಾಲಯಗಳಿಗೆ ತುಂಬಲಾರದ ನಷ್ಟವಾಗಿದೆ, ಅವರು ದಿನವೂ ಕೇಳುತ್ತಿದ್ದ ಪ್ರಶ್ನೆಗಳು ನಮಗೆ ದಾರಿದೀಪ ಎಂದು. ಇದನ್ನು ಕೇಳಿ ಕಸ್ತೂರೆಮ್ಮನಿಗೆ ನಿಜವಾಗಿ ಅಳು ಬಂತು. ಹದಿನೆಂಟು ವರ್ಷದ ನೌಕರಿಯಲ್ಲಿ ಆಕೆಯನ್ನು ಯಾರೂ ಇಷ್ಟು ಹೊಗಳಿರಲಿಲ್ಲ.

"ಅಲ್ರಿ, ಬದುಕಿದ್ದಾಗ ಒಂದ ಪ್ರಶ್ನಿ ಕೇಳಿದ್ರ ಒಬ್ಬರೂ ಉತ್ತರಾ ಕೊಡಲಿಲ್ಲ. ಸತ್ತ ಮ್ಯಾಲೆ ಗಾಡಿ ಮಾಡ್ಕೊಂಡು ಬಂದೀರಿ!" ಎಂದಳು.

ಬಂದವರು ನಾಚಿ ಬುತ್ತಿಯ ಗಂಟಿಗೆ ಕೈ ಹಾಕಿದರು. ತಂದ ಬುತ್ತಿಯನ್ನು ವಾಪಸ್ ಒಯ್ಯಲು ಬರುವುದಿಲ್ಲವಲ್ಲ, ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಕುಳಿತರು. ಸತ್ತವಳೇ ಬಡಿಸಿದಳು. ಖಿಚಡಿ, ರೊಟ್ಟಿ, ಶೇಂಗಾ ಚಟ್ನಿ ಇಳಿಯುತ್ತಿದ್ದಂತೆ ನಾಚಿಕೆಯೂ ಇಳಿಯಿತು.

ಹೊರಡುವಾಗ ಹುಸೇನಬೀ ಅಡುಗೆಮನೆಗೆ ನುಗ್ಗಿದಳು. "ಅಕ್ಕಾ, ಡಬ್ಬಿ ಬೇಕಾದ್ರ ಇರಲಿ, ಮುಚ್ಚಳ ಕೊಟ್ಟ ಬಿಡ್ರಿ. ಮುಚ್ಚಳ ಬಿಟ್ಟು ಹೋದ್ರ ನಮ್ಮತ್ತಿ ನನ್ನ ಮನಿಯೊಳಗ ಬಿಡಂಗಿಲ್ಲ."

"ಒಂದು ಮುಚ್ಚಳಕ್ಕ ಇಷ್ಟ್ಯಾಕ ಹೆದರ್ತೀರಿ?"

"ಹೆದರಿಕೀ ಅಲ್ರಿ, ಅದ ನನ್ನ ಕಸುಬು! ನಮ್ಮ ಸಾಲ್ಯಾಗ ಪುಸ್ತಕ ಬೇಕಂದ್ರ ಮನಿ ಡಬ್ಬಿ ಮುಚ್ಚಳ ತಂದು ಇಟ್ಟು ಹೋಗಬೇಕು. ಪುಸ್ತಕ ತಂದ್ರ ಮುಚ್ಚಳ. ಹುಡುಗ್ರು ಮರೀತಾವು, ಅವರವ್ವಾರು ಬಿಡ್ತಾರೇನು? ಇವತ್ತಿಗೂ ಒಂದು ಪುಸ್ತಕ ಹೋಗಿಲ್ಲ."

ಕಸ್ತೂರೆಮ್ಮ ಕೈಯಲ್ಲಿದ್ದ ಮುಚ್ಚಳವನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇಷ್ಟು ದಿನ ಇದನ್ನ ಯಾಕ ಹೇಳಲಿಲ್ಲ?"

"ನೀವು ಕೇಳಿದ್ದ್ಯಾವಾಗ್ರಿ?" ಎಂದಳು ಹುಸೇನಬೀ. ಪಾಪ, ದಿನಾ ಗುಂಪಿಗೆ ಬರುತ್ತಿದ್ದ ಪ್ರಶ್ನೆ ಏನೆಂದು ಆಕೆಗೆ ನಿಜಕ್ಕೂ ಗೊತ್ತಿರಲಿಲ್ಲ.

ಸೂಟಿ ಮುಗಿದ ಮೇಲೆ ಕಪಾಟಿನ ಬಾಗಿಲು ಕಿರುಗುಟ್ಟುತ್ತ ತೆರೆಯಿತು. ಪುಸ್ತಕಗಳು ಹೊರಗೆ ಹೋದವು, ಮುಚ್ಚಳಗಳು ಒಳಗೆ ಬಂದವು. ಹಳ್ಳಿಯಲ್ಲಿ ಹಿಟ್ಟಿನ ಡಬ್ಬಿಗಳು ಬಟ್ಟೆ ಕಟ್ಟಿಕೊಂಡವು, ತಾಯಂದಿರು ಮಕ್ಕಳನ್ನು ಹಿಡಿದು ಕೂರಿಸಿ "ಲಗೂನ ಓದಿ ಮುಗಸು, ಮುಚ್ಚಳ ಬೇಕಾಗೇತಿ" ಎನ್ನತೊಡಗಿದರು. ಅಷ್ಟು ಒತ್ತಾಯದ ಓದನ್ನು ಯಾವ ಮಾಸ್ತರನೂ ಮಾಡಿಸಿರಲಿಲ್ಲ.

ಅಕ್ಕಿ ಚೀಲ ಇಡಬೇಕಿದ್ದ ದಿನ ಪಂಪಾಪತಿ ಕೈಯಲ್ಲೊಂದು ಡಬ್ಬಿ ಹಿಡಿದು ಕೋಣೆಗೆ ಒಬ್ಬರೇ ಬಂದು, ಆಚೀಚೆ ನೋಡಿ ಪಿಸುಗುಟ್ಟಿದರು. "ಟೀಚರ್ರ, ನಮ್ಮ ಮನಿಯವರು ಮುಚ್ಚಳ ಎಲ್ಲೈತಿ ಅಂತ ನಿನ್ನೆಯಿಂದ ಒಂದ ಸವನ ಕೇಳಾಕತ್ತಾರ. ಕೊಟ್ಟ ಬಿಡ್ರಿ."

"ನೀವು ಒಯ್ದ ಪುಸ್ತಕ ಕೊಡ್ರಿ ಸರ್."

"ಇನ್ನ ಸ್ವಲ್ಪ ಓದೋದೈತ್ರಿ. ಕಳ್ಳ ಯಾರು ಅನ್ನೋದ ಗೊತ್ತಾಗಿಲ್ಲ."

"ಹಂಗಾರ ಅಕ್ಕಿ ಚೀಲಾ?"

"ಅವು ನನ್ನ ಖೋಲ್ಯಾಗ ಇರಲಿ ಬಿಡ್ರಿ," ಎಂದು ಹೆಡ್‌ಮಾಸ್ತರು ಮುಚ್ಚಳವಿಲ್ಲದ ಡಬ್ಬಿ ಬಗಲಲ್ಲಿಟ್ಟುಕೊಂಡು ಹೋದರು.

ಬಳಗವೇನೂ ಸುಧಾರಿಸಲಿಲ್ಲ. ಗುಲಾಬಿ, ಚಂದ್ರ, ಕೈಮುಗಿದ ಚಿತ್ರಗಳು ಈಗಲೂ ಬರುತ್ತವೆ. ಆದರೆ ಮೊನ್ನೆ ಗುಂಪಿನಲ್ಲಿ ಹನುಮೇಶ ಮಾಸ್ತರನ ಫೋಟೊ ಬಂತು, ಸುತ್ತ ಚೆಂಡುಹೂವಿನ ಮಾಲೆ, ಮುಂದೆ ಊದಿನಕಡ್ಡಿ. ಕೆಳಗೆ ಒಂದಕ್ಷರವೂ ಇರಲಿಲ್ಲ.

"ಅಯ್ಯೋ, ಏನಾತ?" ಎಂದ ಹಾಲೇಶ ಗಾಬರಿಯಾಗಿ.

"ಏನಿಲ್ಲ, ಮಾಸ್ತರಗ ಏನೋ ಪ್ರಶ್ನಿ ಐತಿ," ಎಂದು ಕಸ್ತೂರೆಮ್ಮ ಕುಷ್ಟಗಿ ಬಸ್ಸು ಹಿಡಿಯಲು ಗಡಿಬಿಡಿಯಿಂದ ಬುತ್ತಿ ಕಟ್ಟಿದಳು. ಡಬ್ಬಿಗೆ ಮುಚ್ಚಳ ಮಾತ್ರ ಹಳೆಯದನ್ನು ಹುಡುಕಿ ಹಾಕಿದಳು.