ಒಂದು ಹಿಡಿ ಹಳೆಯ ಹತ್ತಿ

ಅವರ ಹುಬ್ಬಿನ ಮೇಲೆ ಯಾವಾಗಲೂ ಹತ್ತಿಯ ಎಳೆಗಳಿರುತ್ತಿದ್ದವು. ಯಾವಾಗಲೂ ಎಂದು ಬರೆದ ಮೇಲೆ ಅನುಮಾನ ಬರುತ್ತದೆ. ಶುಕ್ರವಾರ ಮಧ್ಯಾಹ್ನ ಬಿಳಿ ಜುಬ್ಬಾ ತೊಟ್ಟು ಮಸೀದಿಗೆ ಹೊರಟಾಗ ಖಂಡಿತ ಇರುತ್ತಿರಲಿಲ್ಲ. ಆದರೂ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಬೆಳಗಿನ ಬಿಸಿಲಲ್ಲಿ ಶೆಡ್ಡಿನ ತುಂಬ ತೇಲುವ ಹತ್ತಿ, ಅದರ ನಡುವೆ ಮಂಜಿನೊಳಗೆ ಕೂತಂತೆ ಕೂತಿರುವ ಅವರು, ಆ ಬಿಳಿ ಹುಬ್ಬು, ಪಕ್ಕದಲ್ಲಿ ಸೀನುತ್ತಿರುವ ಯಾರದೋ ಮನೆಯ ನಾಯಿ.

ತುಮಕೂರಿನ ಅವರ ಮನೆಯ ಮಹಡಿ ಕೋಣೆಗೆ ನಾನು ಬಾಡಿಗೆಗೆ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಎಂ.ಎ. ಮುಗಿಸಿ ಗುಬ್ಬಿಯ ಒಂದು ಕಾಲೇಜಿನಲ್ಲಿ ಪಾರ್ಟ್ ಟೈಮ್ ಪಾಠ ಹೇಳುತ್ತಿದ್ದೆ. ಬೆಳಗಿನ ಪ್ಯಾಸೆಂಜರ್ ರೈಲಿಗೆ ಹೋಗಿ ಮಧ್ಯಾಹ್ನದ ಬಸ್ಸಿಗೆ ವಾಪಸು. ಬೀದಿಯವರೆಲ್ಲ ಕರೆಯುವಂತೆ ನಾನೂ ಅವರನ್ನು ಚಾಚಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಚಾಚಿ. ಅವರು ನನ್ನನ್ನು ಟೀಚರಮ್ಮ ಎನ್ನುತ್ತಿದ್ದರು.

ಚಾಚಾರ ಕಸುಬು ಹಾಸಿಗೆ ಹೊಲಿಯುವುದು. ದಿಂಬಿನಂಥ ಸಣ್ಣ ಕೆಲಸ ಮನೆ ಪಕ್ಕದ ಶೆಡ್ಡಿನಲ್ಲೇ ನಡೆಯುತ್ತಿತ್ತು. ಆಗ ಹಾಸಿಗೆಯವರು ಮನೆಮನೆಗೇ ಹೋಗುತ್ತಿದ್ದರು. ಗಂಟುಗಟ್ಟಿದ ಹಾಸಿಗೆಯನ್ನು ತಾರಸಿಯ ಮೇಲೆ ಬಿಚ್ಚಿ, ಹತ್ತಿಯನ್ನು ಬಿಸಿಲಿಗೆ ಹರವಿ, ತಂತಿ ಬಿಗಿದ ಆಳೆತ್ತರದ ಬಿಲ್ಲಿನಿಂದ ಹಿಂಜಿ, ಮತ್ತೆ ತುಂಬಿ ಹೊಲಿಯುವಷ್ಟರಲ್ಲಿ ಒಂದು ದಿನ ಕಳೆಯುತ್ತಿತ್ತು. ಆ ದಿನವೆಲ್ಲ ತಾರಸಿಯಲ್ಲಿ ಅವರಿಗೆ ಜೊತೆ ಆ ಮನೆಯ ನಾಯಿ. ಬೆಳಿಗ್ಗೆ ಬೊಗಳಿದ್ದು ಮಧ್ಯಾಹ್ನದ ಹೊತ್ತಿಗೆ ಹತ್ತಿಯ ಗುಡ್ಡೆಗೆ ಬೆನ್ನು ಕೊಟ್ಟು ಮಲಗಿರುತ್ತಿತ್ತಂತೆ. ಹೀಗೆ ಒಗ್ಗಿ ಒಗ್ಗಿ, ತಿರುಪತಿಗೋ ದೂರದ ಮದುವೆಗೋ ಹೊರಟವರು ನಾಯಿಯನ್ನು ತಂದು ಅವರ ಶೆಡ್ಡಿನಲ್ಲಿ ಬಿಟ್ಟುಹೋಗತೊಡಗಿದರು. ಸಾಧು ನಾಯಿಗಳನ್ನು ನೆರೆಹೊರೆಯವರು ನೋಡಿಕೊಳ್ಳುತ್ತಿದ್ದರು. ಚಾಚಾರ ಪಾಲಿಗೆ ಬರುತ್ತಿದ್ದುದು ಯಾರಿಗೂ ಬೇಡವಾದವು. ಅಂತರಸನಹಳ್ಳಿಯ ಮ್ಯಾನೇಜರೊಬ್ಬರ ಆಲ್ಸೇಷಿಯನ್‌ಗೆ ಗುಡುಗಿದರೆ ಬಾಗಿಲು ಕಚ್ಚುವ ಹುಚ್ಚು. ಕ್ಯಾತ್ಸಂದ್ರದಿಂದ ಬರುತ್ತಿದ್ದ ಬಿಳಿ ಪೊಮೆರೇನಿಯನ್, ಅಂಗೈ ಅಗಲದ ಪ್ರಾಣಿ, ಅದಕ್ಕೆ ಹೆದರದವರು ಬೀದಿಯಲ್ಲಿ ಇರಲಿಲ್ಲ.

ಚಾಚಿಯದು ಒಂದೇ ಷರತ್ತು. ನಾಯಿ ಶೆಡ್ಡು ಬಿಟ್ಟು ಮನೆಯೊಳಗೆ ಬರಬಾರದು. ಮನೆಯೊಳಗಿನ ಒಂದು ಚಿಂದಿಯೂ ನಾಯಿಯ ಹತ್ತಿರ ಹೋಗಬಾರದು. ನಮಾಜು ಮಾಡುವ ಮನೆ. ಶೆಡ್ಡಿನ ಮೊಳೆಗೆ ಒಂದು ನೀಲಿ ಅಂಗಿ ನೇತಾಡುತ್ತಿತ್ತು. ನಾಯಿಗಳ ಬಳಿ ಹೋಗುವಾಗ ಚಾಚಾ ಅದನ್ನು ತೊಡುತ್ತಿದ್ದರು. ಆಜಾನ್ ಕೇಳಿದೊಡನೆ ಬಿಚ್ಚಿ ಮೊಳೆಗೆ ಹಾಕಿ, ಕೈಕಾಲು ಮುಖ ತೊಳೆದು, ಬೇರೆ ಬಟ್ಟೆಯಲ್ಲಿ ಒಳಗೆ ಹೋಗುತ್ತಿದ್ದರು.

"ನಂಗೆ ಎರಡು ಮನೆ ಟೀಚರಮ್ಮ. ಎರಡ್ರಲ್ಲೂ ಬೊಗಳಿಸ್ಕೋತೀನಿ."

"ಕೇಳಿಸ್ತು!" ಒಳಗಿನಿಂದ ಚಾಚಿ.

ನನಗೆ ನಾಯಿಯೆಂದರೆ ಭಯ. ಒಂದು ದಿನ ಉತ್ತರಪತ್ರಿಕೆ ತಿದ್ದುವಾಗ ಬೊಗಳಾಟ ತಡೆಯಲಾರದೆ ಜಗಳಕ್ಕೆಂದೇ ಕೆಳಗೆ ಬಂದೆ. ಚಾಚಾ ಸೂಜಿಗೆ ದಾರ ಪೋಣಿಸುತ್ತಾ ಹೇಳಿದರು: "ನೀವು ಮೇಲೆ ಓಡಾಡೋ ಸದ್ದಿಗೇ ಅದು ಬೊಗಳೋದು. ಯಾರು ಅಂತ ಅದಕ್ಕೆ ಗೊತ್ತಾಗ್ಬೇಕಲ್ಲ. ಪೇಪರ್ ತಗೊಂಡ್ ಬಂದು ಇಲ್ಲೇ ಕೂತ್ಕೊಳಿ. ಪಕ್ಕಕ್ಕೆ ತಿರುಗಿ ಕೂತ್ಕೊಳಿ, ಅದನ್ನ ನೋಡ್ಬೇಡಿ."

"ಯಾಕೆ ನೋಡಬಾರದು?"

"ಹೆಣ್ಣು ನೋಡಕ್ಕೆ ಬಂದೋರು ನೋಡ್ತಾರಲ್ಲ, ಮೇಲಿಂದ ಕೆಳಗೆ. ಅಂಗೆ ನೋಡಿದ್ರೆ ಯಾವ ನಾಯಿ ಸುಮ್ನಿರುತ್ತೆ?"

ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಆ ವರ್ಷವೇ ಮೂರು ಸಲ ಅದರೆದುರು ಕೂತು ಬಂದಿದ್ದೆ. ನಕ್ಕುಬಿಟ್ಟೆ; ಪತ್ರಿಕೆಗಳ ಕಟ್ಟು ತಂದು ಪಕ್ಕಕ್ಕೆ ತಿರುಗಿ ಕೂತೆ. ಸಂಜೆಯಾಗುವ ಹೊತ್ತಿಗೆ ಆಲ್ಸೇಷಿಯನ್ ಬಂದು ನನ್ನ ಚಪ್ಪಲಿಯ ಮೇಲೆ ಗದ್ದ ಇಟ್ಟು ಮಲಗಿತ್ತು. ಅದು ಅದೇ ಸಂಜೆಯೋ ಮಾರನೆಯದೋ, ನೆನಪು ಎರಡನ್ನೂ ಸೇರಿಸಿ ಹೊಲಿದುಬಿಟ್ಟಿದೆ. ಚಪ್ಪಲಿಯ ಮೇಲಿನ ಆ ಬೆಚ್ಚನೆ ಭಾರ ಮಾತ್ರ ನಿಜ.

ಚಾಚಾರ ನಿಜವಾದ ಗುಟ್ಟು ದಿಂಬಿನಲ್ಲಿತ್ತು. ಯಾರು ನಾಯಿ ತಂದು ಬಿಟ್ಟರೂ ಅವರ ಹಳೆಯ ಹಾಸಿಗೆಯಿಂದ ಒಂದು ಹಿಡಿ ಹತ್ತಿ ಕೇಳಿ ಪಡೆಯುತ್ತಿದ್ದರು. ಅದನ್ನು ಹಿಂಜದೆ, ಬಿಸಿಲಿಗೂ ಹಾಕದೆ, ಚೀಟಿ ಬಟ್ಟೆಯಲ್ಲಿ ತುಂಬಿ ಒಂದು ಕಿರುದಿಂಬು ಹೊಲಿಯುತ್ತಿದ್ದರು. ಯಜಮಾನರು ವರ್ಷಗಟ್ಟಲೆ ಮಲಗಿದ ಹತ್ತಿ. ನಾಯಿ ಮೂಸಿ, ಮೂರು ಸುತ್ತು ಸುತ್ತಿ, ಅದರ ಮೇಲೆ ಮೂತಿಯಿಟ್ಟು ಮಲಗುತ್ತಿತ್ತು. "ಮನೆಯೋರು ಹೊರಗೆಲ್ಲೋ ಹೋಗವ್ರೆ, ಬರ್ತಾರೆ ಅಂತ ಅದಕ್ಕೆ ಗೊತ್ತಾಗುತ್ತೆ," ಎನ್ನುತ್ತಿದ್ದರು.

ಮೇಜರ್ ಬಂದದ್ದು ನಾನಲ್ಲಿದ್ದ ಎರಡನೆಯ ವರ್ಷ. ಕುಣಿಗಲ್‌ನ ನಿವೃತ್ತ ಮೇಷ್ಟ್ರೊಬ್ಬರ ನಾಯಿ, ಕಂದುಬಣ್ಣ, ಒಂದು ಕಿವಿ ಮಡಿಸಿಕೊಂಡದ್ದು. ಮೇಷ್ಟ್ರು ಹೃದಯದ ಆಪರೇಷನ್ನಿಗೆ ಬೆಂಗಳೂರಿನ ಆಸ್ಪತ್ರೆ ಸೇರಿದ್ದರು. ನಾಯಿಯನ್ನು ತಂದು ಬಿಟ್ಟವನು ಅವರ ಮಗ, ಕುಣಿಗಲ್‌ನಲ್ಲೇ ಹಾರ್ಡ್‌ವೇರ್ ಅಂಗಡಿ ಇಟ್ಟವನು.

"ಇಬ್ಬರಿಗೆ ಕಚ್ಚಿದೆ ಸಾಬ್ರೆ. ಅಪ್ಪನ ಮುಖ ನೋಡಿ ಸುಮ್ನಿದೀನಿ. ಇನ್ನೊಬ್ಬರಿಗೆ ಹಲ್ಲು ತಾಗಿಸ್ತು ಅಂದ್ರೆ ಹೇಳಿ. ಡಾಕ್ಟರ್‌ಗೆ ಹೇಳಿ ಇಂಜೆಕ್ಷನ್ ಕೊಡಿಸಿ ಮಲಗಿಸ್ಬುಡ್ತೀನಿ."

"ಮೇಷ್ಟ್ರು ಬರೋಗಂಟ ನಂದು ಜವಾಬ್ದಾರಿ," ಎಂದರು ಚಾಚಾ.

ಮೇಜರ್ ತನ್ನ ದಿಂಬಿನ ಮೇಲೆ ಹತ್ತು ದಿನ ಕಲ್ಲಿನಂತೆ ಕೂತಿತ್ತು. ಹನ್ನೊಂದನೆಯ ದಿನ ನಾನು ಹಾಕಿದ ಅನ್ನ ತಿಂದಿತು. ಅದು ನನ್ನನ್ನು ನಂಬಿತು ಎಂದು ಬೀಗಿದೆ. ಆಮೇಲಿನದಕ್ಕೆ ನನ್ನ ಡೈರಿಯ ಸಾಕ್ಷಿ ಇದೆ: "ಭಾನುವಾರ. ಬಿಸಿಲು ಚೆನ್ನಾಗಿತ್ತು. ಚಾಚಾ ಕೆಲಸಕ್ಕೆ ಹೋಗಿದ್ದರು. ಮೇಜರ್ ದಿಂಬು ಕೊಳಕಾಗಿತ್ತು. ಬಿಚ್ಚಿ ಒಗೆದೆ. ಹೊಸ ಹತ್ತಿ ತುಂಬಿದೆ. ನೋಡಿದರೆ ಚಾಚಾಗೆ ಖುಷಿಯಾಗುತ್ತದೆ."

ಗುಟ್ಟು ಗೊತ್ತಿದ್ದೂ ಹಾಗೆ ಮಾಡಿದೆ. ಓದಿದವಳಿಗೆ ಕೊಳಕು ಮೊದಲು ಕಂಡಿತು.

ಮಧ್ಯಾಹ್ನದೊಳಗೆ ಮೇಜರ್ ಹೊಸ ದಿಂಬನ್ನು ಚೂರುಚೂರು ಮಾಡಿ ಮೂಲೆ ಸೇರಿತು. ಸಂಜೆ ಚಾಚಾ ಬಂದು ನೋಡಿದರು. "ಹಳೇದು ಎಲ್ಲಮ್ಮ?" ಎಂದರು. ನೀರೊಲೆಗೆ ಹಾಕಿದೆ ಎಂದೆ. ಅವರು ಹರಿದ ಚೂರುಗಳನ್ನು ಆಯತೊಡಗಿದರು. ತಪ್ಪು ಸರಿಪಡಿಸುವ ಆತುರದಲ್ಲಿ ನಾನು ಅನ್ನದ ತಟ್ಟೆ ಹಿಡಿದು ಬಗ್ಗಿದೆ, ನೇರ ಅದರ ಕಣ್ಣನ್ನೇ ನೋಡುತ್ತಾ. ಮೇಜರ್ ಹಾರಿತು. ಹಲ್ಲು ಇಳಿದದ್ದು ಚಾಚಾರ ಬಲಗೈಗೆ.

ಅವರು ನಡುವೆ ಕೈ ಚಾಚಿದರೋ, ನಾನು ಹಿಂದೆ ಸರಿದದ್ದರಿಂದ ಅವರ ಕೈ ಸಿಕ್ಕಿಕೊಂಡಿತೋ ಇವತ್ತಿಗೂ ಹೇಳಲಾರೆ. ಡೈರಿಯಲ್ಲಿ "ಚಾಚಾಗೆ ಕಚ್ಚಿತು" ಎಂದಷ್ಟೇ ಇದೆ. ಎಷ್ಟೋ ವರ್ಷದ ಮೇಲೆ ಅವರನ್ನೇ ಕೇಳಿದೆ. "ನಂಗೆ ನೆನಪಿಲ್ಲ ಬುಡಿ ಟೀಚರಮ್ಮ," ಎಂದು ನಕ್ಕರು.

ದೊಡ್ಡಾಸ್ಪತ್ರೆಯಲ್ಲಿ ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದರು, ಮುಂದಿನವನ್ನೂ ಬಿಡದೆ ಹಾಕಿಸಿಕೊಂಡರು. ಮೇಜರ್ ನೀರನ್ನೂ ಮುಟ್ಟುತ್ತಿರಲಿಲ್ಲ. ಮೂರನೆಯ ದಿನ ಚಾಚಾ, "ನಾಳೆ ಕಾಲೇಜಿಗೆ ರಜ ಹಾಕಿ. ಕುಣಿಗಲ್‌ಗೆ ಹೋಗ್ಬೇಕು, ಮೇಷ್ಟ್ರ ಹಾಸಿಗೆ ಹಿಂಜೋ ನೆಪದಾಗೆ ಹತ್ತಿ ತರ್ಬೇಕು. ನನ್ನ ಕೈಲಿ ಬಿಲ್ಲು ಆಡ್ಸಕ್ಕಾಗಲ್ಲ, ನೀವು ಆಡಿಸ್ಬೇಕು," ಎಂದರು.

ಆ ಬಿಲ್ಲನ್ನು ಬಸ್ಸಿನೊಳಗೆ ಅಡ್ಡ ಹಿಡಿದು ಕೂತೆವು. "ಏನ್ ಸಾಬ್ರೆ, ಕುಣಿಗಲ್‌ನಾಗೆ ಸಂಗೀತ ಕಚೇರಿನಾ?" ಎಂದ ಕಂಡಕ್ಟರ್. "ಹೂ ಕಣಣ್ಣ, ಇವ್ರು ಹಾಡ್ತಾರೆ," ಎಂದು ಚಾಚಾ ನನ್ನನ್ನು ತೋರಿಸಿದರು. ಹೊರಗೆ ಕುಣಿಗಲ್ ಕೆರೆ ಅಷ್ಟುದ್ದಕ್ಕೆ ಬೆಳ್ಳಗೆ ಹರಡಿಕೊಂಡಿತ್ತು, ಯಾರೋ ಹತ್ತಿ ಹರವಿ ಬಿಟ್ಟುಹೋದ ಹಾಗೆ.

ಮೇಷ್ಟ್ರ ಮಗ ಬಾಗಿಲಲ್ಲೇ ನಿಂತ. ನಾಯಿ ನೋಡಿಕೊಳ್ಳಲು ಒಪ್ಪಿಕೊಂಡ ಮೇಲೆ ಹಾಸಿಗೆಯನ್ನೂ ಮಾಡಿಕೊಡುವುದು ನಮ್ಮ ಪದ್ಧತಿ, ಮೇಷ್ಟ್ರು ಬರುವಷ್ಟರಲ್ಲಿ ಮೆತ್ತಗಿರಲಿ, ದುಡ್ಡು ಬೇಡ ಎಂದರು ಚಾಚಾ. ಅವನ ಕಣ್ಣು ಬ್ಯಾಂಡೇಜಿನ ಮೇಲಿತ್ತು.

"ಕೈಗೇನಾಯ್ತು? ಅದೇ ಕಚ್ತಾ?"

"ದಬ್ಬಳ ಸಾರ್, ಹಾಸಿಗೆ ಹೊಲಿಯೋ ದಬ್ಬಳ. ಕಣ್ಣು ಮಂಜಾಗವೆ, ಚುಚ್ಕೊಂಡೆ."

ಅವನು ನನ್ನ ಕಡೆ ತಿರುಗಿದ. "ಮೇಡಂ, ನೀವು ಓದಿದೋರು. ನೀವು ಹೇಳಿ."

"ದಬ್ಬಳವೇ," ಎಂದೆ.

ತಾರಸಿಯಲ್ಲಿ ನಾನು ಬಿಲ್ಲು ಬಡಿದೆ. ಟಂಯ್ ಎನ್ನಬೇಕಾದದ್ದು ನನ್ನ ಕೈಯಲ್ಲಿ ದಪ್ ಎನ್ನುತ್ತಿತ್ತು. ಮೇಷ್ಟ್ರ ಹಾಸಿಗೆಯ ಹತ್ತಿ ಎದ್ದು ಕೂದಲು, ರೆಪ್ಪೆ, ಬಾಯಿ ಎಲ್ಲೆಲ್ಲೂ ಮೆತ್ತಿತು. ಆ ಬಿಳುಪಿನೊಳಗೆ ನನ್ನ ಸುಳ್ಳನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದೆ. ನಾಳೆ ಅದು ಒಂದು ಮಗುವಿಗೆ ಕಚ್ಚಿದರೆ? ಕೇಳಿಯೇಬಿಟ್ಟೆ. ಚಾಚಾ, "ಅದಕ್ಕೇ ಅದನ್ನ ಶೆಡ್ಡಿಂದ ಆಚೆ ಬಿಡಲ್ಲ. ತಪ್ಪು ಮಾಡಿದ್ದು ನಾವು, ಇಂಜೆಕ್ಷನ್ ಅದಕ್ಕಾ?" ಎಂದರು. ನೀವು ಎನ್ನದೆ ನಾವು ಎಂದರು. ಹಿಂಜದೆ ಬದಿಗಿಟ್ಟಿದ್ದ ಒಂದು ಹಿಡಿ ಹತ್ತಿಯನ್ನು ಎಡಗೈಯಲ್ಲಿ ಜೇಬಿಗೆ ತುರುಕಿಕೊಂಡರು.

ಆ ಸಂಜೆ ಮೇಜರ್ ಹೊಸದಾಗಿ ಹೊಲಿದ ದಿಂಬನ್ನು ಬಹಳ ಹೊತ್ತು ಮೂಸಿತು. ಮೂರು ಸುತ್ತು ಸುತ್ತಿ ಮಲಗಿತು. ಬೆಳಿಗ್ಗೆ ಅನ್ನ ತಿಂದಿತು.

ಮೇಷ್ಟ್ರು ಬರಲಿಲ್ಲ. ಆಪರೇಷನ್ ಆಗಿ ವಾರಕ್ಕೆ ಬೆಂಗಳೂರಿನಲ್ಲೇ ತೀರಿಕೊಂಡರು. ಮಗನಿಗೆ ನಾಯಿ ಬೇಡವಾಗಿತ್ತು. "ಇರ್ಲಿ ಬುಡಿ, ಇಲ್ಲೇ ಇರುತ್ತೆ," ಎಂದರು ಚಾಚಾ. ಹಾಗೆ ಅದು ಅವರ ಶೆಡ್ಡಿನ ನಾಯಿಯಾಯಿತು. ಮತ್ತೆ ಯಾರಿಗೂ ಕಚ್ಚಲಿಲ್ಲ, ನನಗೆ ತಿಳಿದಂತೆ. ಚಾಚಾರ ಬಲಗೈ ಬೆರಳೆರಡು ಪೂರ್ತಿ ಮಡಿಸಲು ಬಾರದಾದವು. ಬಿಲ್ಲು ಬಡಿಯುವಾಗ ಒಂದು ಪೆಟ್ಟು ತಪ್ಪುತ್ತಿತ್ತು. ಮಹಡಿಯಲ್ಲಿ ಕೂತು ಆ ತಪ್ಪಿದ ಪೆಟ್ಟಿಗೆ ಕಾಯುವುದು ನನಗೆ ಅಭ್ಯಾಸವಾಯಿತು.

ಎರಡು ಸಾವಿರದ ನಂತರ ಫೋಮ್ ಹಾಸಿಗೆಗಳು ಬಂದವು, ತಾರಸಿಯ ಕೆಲಸ ನಿಂತಿತು. ನನಗೆ ಕಾಯಂ ಆಯಿತು, ನಾಲ್ಕು ಬೀದಿ ಆಚೆ ಮನೆ ಮಾಡಿದೆ. ಒಂದು ಮಧ್ಯಾಹ್ನ ಚಾಚಾ ಶೆಡ್ಡಿನಲ್ಲಿ ಸೂಜಿಗೆ ದಾರ ಪೋಣಿಸುತ್ತಾ ಕೂತಲ್ಲೇ ಹೋದರು. ನೀಲಿ ಅಂಗಿ ತೊಟ್ಟಿರಲಿಲ್ಲವಂತೆ. ಆಜಾನ್ ಹೊತ್ತು ಹತ್ತಿರವಾಗಿತ್ತು.

ಮುದಿಯಾಗಿದ್ದ ಮೇಜರ್ ಅನ್ನು ನಾನು ಮನೆಗೆ ಕರೆತಂದೆ. ಅದರ ದಿಂಬನ್ನೂ ತಂದೆ, ಧೂಳು ಕೂಡ ಕೊಡವದೆ. ಅದು ದಿಂಬನ್ನು ಮೂಸಿ ಬಿಟ್ಟು ಬಾಗಿಲ ಬಳಿ ಹೋಗಿ ಮಲಗಿತು. ಎರಡು ದಿನ ಏನೂ ತಿನ್ನಲಿಲ್ಲ. ಅದು ಕಾಯುತ್ತಿದ್ದುದು ಮೇಷ್ಟ್ರಿಗಲ್ಲ ಎಂದು ಹೊಳೆಯಲು ನನಗೆ ಆ ಎರಡು ದಿನ ಬೇಕಾಯಿತು.

ಚಾಚಿಯ ಮನೆಗೆ ಹೋದೆ. ಕೇಳಲು ಬಾಯಿ ಬರಲಿಲ್ಲ. ಅವರ ಮನೆಯೊಳಗಿನ ಚಿಂದಿಯೂ ನಾಯಿಯ ಬಳಿ ಹೋಗಬಾರದು. ನಾನು ಕೇಳಬೇಕಿದ್ದದ್ದು ಚಾಚಾ ಮಲಗುತ್ತಿದ್ದ ಹಾಸಿಗೆಯ ಹತ್ತಿ. ಟೀ ಆರಿತು. ಕೊನೆಗೆ, "ಚಾಚಿ, ಮೇಜರ್ ತಿಂತಾ ಇಲ್ಲ," ಎಂದೆ. ಅಷ್ಟೇ ಎಂದೆ.

ಚಾಚಿ ನನ್ನನ್ನು ನೋಡಿದರು. ಎದ್ದು ಒಳಗೆ ಹೋದರು. ಹೊಲಿಗೆ ಕಿತ್ತ ಪರ್ ಎನ್ನುವ ಸದ್ದು ಬಂತು. ಸೆರಗಿನಲ್ಲಿ ಒಂದು ಹಿಡಿ ಹತ್ತಿ ಹಿಡಿದು ಬಂದರು.

"ತಗೋ ಬೇಟಿ. ಒಗೀಬೇಡ."

ದಾರಿಯಲ್ಲಿ ಆ ಹತ್ತಿಯನ್ನು ಮೂಗಿಗೆ ಹಿಡಿದೆ. ಒಮ್ಮೆಯಲ್ಲ, ಹಲವು ಸಲ. ನನಗೆ ಹಳೆಯ ಹತ್ತಿಯ ವಾಸನೆಯಷ್ಟೇ ಬಂತು. ಮನೆಯಲ್ಲಿ ದಿಂಬಿನ ಮೂಲೆ ಬಿಚ್ಚಿ, ಮೇಷ್ಟ್ರ ಹತ್ತಿಯ ಜೊತೆ ಅದನ್ನು ತುಂಬಿ, ನನಗೆ ಬಂದಂತೆ ಹೊಲಿದು ನೆಲದ ಮೇಲಿಟ್ಟೆ. ಪಕ್ಕಕ್ಕೆ ತಿರುಗಿ ಕೂತೆ, ನೋಡಲಿಲ್ಲ. ಉಗುರಿನ ಸದ್ದು ಹತ್ತಿರ ಬಂತು. ಒಂದು ಸುತ್ತು, ಎರಡು ಸುತ್ತು, ಮೂರು. ಆಮೇಲೆ ದೀರ್ಘವಾದ ಒಂದು ಉಸಿರು.

ನಾನು ಇಷ್ಟು ಪುಟ ಬರೆದೂ ಹಿಡಿಯಲಾರದವರನ್ನು ಅದು ಒಂದು ಉಸಿರಿನಲ್ಲಿ ಗುರುತು ಹಿಡಿದಿತ್ತು.